ಕೋಬಾನನ್ನು ಬರೀ ಖಳ ಅಂದುಬಿಟ್ಟರೆ ಹೇಗೆ?
'ಡಾನ್ ಆಫ್ ದಿ ಪ್ಲಾನೆಟ್ ಆಫ್ ದಿ ಏಪ್ಸ್' (2014) ಸಿನಿಮಾದ ಬಗೆಗಿನ ನಿಮ್ಮ ಲೇಖನದಲ್ಲಿ, ಮನುಷ್ಯರ ಮೇಲೆ ಯುದ್ಧಕ್ಕೆ ಹೊರಡುವ ವಾನರ ಕೋಬಾನನ್ನು 'ಕಾರಣವೇ ಇಲ್ಲದ ದುಷ್ಟ' ಅಂದಿದ್ದೀರಿ. ಇದನ್ನು ಒಪ್ಪಲಾರೆ ಸ್ವಾಮಿ. ಮನುಷ್ಯರು ವಿದ್ಯುತ್ತಿಗಾಗಿ ಕಾಡಿನ ಅಣೆಕಟ್ಟಿನ ದುರಸ್ತಿ ಕೆಲಸ ಮಾಡಿಕೊಳ್ಳಲಿ ಎಂದು ವಾನರರ ನಾಯಕ ಸೀಸರ್ ಹೇಳಿದಾಗ ಕೋಬಾ ಏನು ಮಾಡುತ್ತಾನೆ? ತನ್ನ ಮೈಮೇಲಿನ ಗಾಯದ ಕಲೆಗಳನ್ನು ಒಂದೊಂದಾಗಿ ತೋರಿಸಿ, ಇದು ಮನುಷ್ಯರ ಕೆಲಸ, ಇದೂ ಮನುಷ್ಯರ ಕೆಲಸ ಅನ್ನುತ್ತಾನೆ. ಪ್ರಯೋಗಾಲಯದ ಪಂಜರದಲ್ಲಿ ಬೆಳೆದವನು ಅವನು. ಸೀಸರ್ ಬೆಳೆದದ್ದು ಮನೆಯಲ್ಲಿ, ಪ್ರೀತಿ ಕಂಡು. ಇಬ್ಬರೂ ನೋಡಿದ ಮನುಷ್ಯರೇ ಬೇರೆ ಬೇರೆ. ಆ ದೃಶ್ಯ ಬಂದಾಗ ನಾನಂತೂ ಕೋಬಾನ ಪಕ್ಷವೇ.

ಹಾಗಂತ ಅವನು ಮಾಡಿದ್ದೆಲ್ಲ ಸರಿ ಅನ್ನುತ್ತಿಲ್ಲ. ಸೀಸರ್‌ಗೆ ಗುಂಡು ಹೊಡೆದು ಆರೋಪವನ್ನು ಮನುಷ್ಯರ ತಲೆಗೆ ಕಟ್ಟಿದ್ದು, ಮನುಷ್ಯರನ್ನು ಕೊಲ್ಲೆನೆಂದ ಯುವ ವಾನರ ಆಶ್‌ನನ್ನು ಮಹಡಿಯಿಂದ ಎಸೆದದ್ದು ಯಾವ ಲೆಕ್ಕದಲ್ಲೂ ಕ್ಷಮೆಗೆ ಬರುವುದಿಲ್ಲ. ಆದರೆ ಕೊನೆಯಲ್ಲಿ 'ವಾನರ ವಾನರನನ್ನು ಕೊಲ್ಲಬಾರದು' ಎಂಬ ನಿಯಮ ಮಾಡಿದ್ದ ಸೀಸರ್, 'ನೀನು ವಾನರನೇ ಅಲ್ಲ' ಎಂದು ಹೇಳಿ, ಎತ್ತರದಲ್ಲಿ ನೇತಾಡುತ್ತಿದ್ದ ಕೋಬಾನ ಕೈಯನ್ನು ಬಿಟ್ಟು ಅವನನ್ನು ಸಾವಿಗೆ ಬೀಳಿಸುತ್ತಾನಲ್ಲ, ಅದನ್ನೇಕೆ ನೀವು 'ನ್ಯಾಯ' ಅಂದಿರಿ? ಕೊಲ್ಲಬೇಕಾದವನನ್ನು ಮೊದಲು ಕುಲದಿಂದ ಹೊರಗಿಡುವುದು ನಮ್ಮ ಹಳೇ ಚಾಳಿ. ಸೀಸರ್ ಅತ್ಯಂತ ಮನುಷ್ಯನಂತೆ ಕಂಡದ್ದು ಆ ಕ್ಷಣದಲ್ಲೇ.

ಇನ್ನೊಂದು ಮಾತು. ಕೋಬಾ ಬೊನೊಬೊ (ಚಿಂಪಾಂಜಿಯ ಹತ್ತಿರದ ಸಂಬಂಧಿ ವಾನರ) ಜಾತಿಯವನು, ಲೇಖನದಲ್ಲಿರುವಂತೆ ಚಿಂಪಾಂಜಿ ಅಲ್ಲ. ನಿಜಜೀವನದಲ್ಲಿ ಚಿಂಪಾಂಜಿಗಳಿಗಿಂತ ಸೌಮ್ಯ ಅನ್ನಿಸಿಕೊಂಡಿರುವುದು ಈ ಬೊನೊಬೊಗಳೇ!