ಸಾಕಪ್ಪ ಈ ಸಾಕರ್

2020ರ ಮಾರ್ಚ್ 16, ಸೋಮವಾರ. ಕೊರೊನಾ ಕಾರಣಕ್ಕೆ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಆರು ಕೌಂಟಿಗಳ, ಅಂದರೆ ಜಿಲ್ಲೆಗಳ, ಜನ ನಾಳೆಯಿಂದ ಮನೆಯಲ್ಲೇ ಇರಬೇಕು ಎಂಬ ಆದೇಶ ಹೊರಟಿತು. ನಾವಿರುವುದು ಫ್ರೀಮಾಂಟಿನಲ್ಲಿ. ಊರಿನ ಭಾರತೀಯರೆಲ್ಲ ಇಂಡಿಯನ್ ಅಂಗಡಿಗೆ ಓಡಿದರು. ನಾನೂ ಓಡಿದೆ. 20 ಪೌಂಡಿನ ಸೋನಾ ಮಸೂರಿ ನಾಲ್ಕು ಚೀಲ ಹೊತ್ತು ತಂದು ಗ್ಯಾರೇಜಿನಲ್ಲಿ ಇಳಿಸಿದೆ. ಬೆವರು ಒರೆಸಿಕೊಳ್ಳುವಾಗ ಫೋನ್ ಟಿಂಗ್ ಎಂದಿತು. ಮಗಳ ಸಾಕರ್, ಅಂದರೆ ಫುಟ್‌ಬಾಲ್, ಕ್ಲಬ್ಬಿನ ಮೇಲ್. ನಿಮ್ಮ ಮಕ್ಕಳ ಆರೋಗ್ಯವೇ ನಮಗೆ ಎಲ್ಲಕ್ಕಿಂತ ಮುಖ್ಯ, ಎರಡು ವಾರ ಪ್ರಾಕ್ಟೀಸ್ ಇಲ್ಲ ಅಂತ.

ಎರಡು ವಾರ ತಾನೇ ಅಂದುಕೊಂಡೆ. ಹಿಂದಿನ ಶನಿವಾರವಷ್ಟೇ ಅವಳಿಗೆ ಹೊಸ ಕ್ಲೀಟ್ಸ್, ಅಂದರೆ ಫುಟ್‌ಬಾಲ್ ಬೂಟು, ಕೊಡಿಸಿದ್ದೆ. ಹಸಿರು ಲೇಸು, ನಾಲ್ಕನೇ ಸೈಜು. ಮೂತಿಗೆ ತುರುಕಿದ್ದ ಕಾಗದ ಕೂಡ ಇನ್ನೂ ತೆಗೆದಿರಲಿಲ್ಲ.

ಏಪ್ರಿಲ್ ಒಂದರಂದು ಫೋನ್ ಮತ್ತೆ ಟಿಂಗ್ ಎಂದಿತು. ಈ ಸಲ ಬ್ಯಾಂಕು. ಕ್ಲಬ್ಬಿನ ಕಂತು 200 ಡಾಲರ್ ಹೊರಟುಹೋಗಿತ್ತು. ದಿನಾಂಕ ನೋಡಿ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಕ್ಲಬ್ಬಿಗೆ ಬರೆದೆ. ಉತ್ತರ ಬಹಳ ವಿನಯದಿಂದ ಬಂತು. ಇದು ತಿಂಗಳ ಫೀಸು ಅಲ್ಲವಂತೆ. ವರ್ಷದ ಫೀಸು 2,400 ಡಾಲರ್. ನನ್ನ ಅನುಕೂಲಕ್ಕೆ ಅಂತ ಹನ್ನೆರಡು ಭಾಗ ಮಾಡಿದ್ದಾರಂತೆ. ಕ್ಯಾಲಿಫೋರ್ನಿಯಾದಲ್ಲಿ ಆ ತಿಂಗಳು ಸ್ಕೂಲು ನಿಂತಿತ್ತು, ಕೋರ್ಟು ನಿಂತಿತ್ತು, ಗುಡಿಯ ಗಂಟೆ ನಿಂತಿತ್ತು. ನಮ್ಮ ಆಟೋಪೇ ಮಾತ್ರ ಮಾಸ್ಕ್ ಇಲ್ಲದೆ ಓಡಾಡಿಕೊಂಡಿತ್ತು.

ಇದೆಲ್ಲ ನೋಡಲು ಮನೆಯಲ್ಲಿ ಒಬ್ಬ ಸಾಕ್ಷಿ ಇದ್ದರು. ನನ್ನ ಮಾವ. ಹಾಸನದವರು. ಮೊಮ್ಮಗಳನ್ನು ನೋಡಲು ಜನವರಿಯಲ್ಲಿ ಬಂದಿದ್ದರು. ಭಾರತ ಮಾರ್ಚ್ 22ರಿಂದ ವಿಮಾನ ನಿಲ್ಲಿಸಿತು, ಮಾವ ಇಲ್ಲೇ ಉಳಿದರು. ಯುಗಾದಿಯನ್ನು ನಮ್ಮ ಬಾಲ್ಕನಿಯಲ್ಲಿ ಬೇವಿನ ಪುಡಿ ಹಾಕಿ ಮುಗಿಸಿದರು. ಅವರ ಲೆಕ್ಕದಲ್ಲಿ ಫುಟ್‌ಬಾಲ್ ಅಂದರೆ ಒಂದು ಚೆಂಡು, ಇಪ್ಪತ್ತು ಹುಡುಗರು, ಖರ್ಚು ಸೊನ್ನೆ.

"ಆಡೋದಕ್ಕೆ ದುಡ್ಡಾ?" ಅಂದರು.

"ಹೌದು ಮಾವ. ಕೋಚ್, ಗ್ರೌಂಡು, ಲೀಗು, ಜರ್ಸಿ..."

"ಈಗ ಆಡ್ತಾ ಇಲ್ವಲ್ಲ?"

"ಇಲ್ಲ."

"ಮತ್ತೆ ಯಾವುದಕ್ಕೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಫಿ ಬೇಕಾ ಅಂತ ಕೇಳಿದೆ. ಅವರು ಬಿಡಲಿಲ್ಲ. "ಅಲ್ಲಾ ಅಳಿಯಂದಿರೇ, ಈ ರೋಗ ಕೈಯಿಂದ ಹರಡುತ್ತೆ, ಯಾವುದನ್ನೂ ಮುಟ್ಟಬೇಡಿ ಅಂತಾರೆ. ಕೈಯಲ್ಲಿ ಮುಟ್ಟಿದರೆ ತಪ್ಪು ಅಂತ ಸೀಟಿ ಊದೋ ಆಟ ಇದೊಂದೇ. ಇದನ್ನೇ ನಿಲ್ಲಿಸಿದ್ರಾ?"

ರೋಗ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಮ್ಮ ಬೀದಿಗೇ ಎರಡು ಸಲ ಆಂಬುಲೆನ್ಸ್ ಬಂದು ಹೋಯಿತು. ನಿಲ್ಲಿಸಿದ್ದು ಸರಿ. ಆದರೆ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬೇಕು ಅನ್ನುವುದರಲ್ಲಿ ನಮ್ಮ ರಾಜ್ಯ ತೋರಿಸಿದ ಕಲ್ಪನೆ ಇದೆಯಲ್ಲ, ಅದು ಬೇರೆಯದೇ ಕಥೆ. ಏಪ್ರಿಲ್‌ನಲ್ಲಿ ಮಲಿಬು ಹತ್ತಿರ ಒಬ್ಬನೇ ಒಬ್ಬ ಮನುಷ್ಯ ಸಮುದ್ರದಲ್ಲಿ ಹಲಗೆ ಮೇಲೆ ನಿಂತು ಹುಟ್ಟು ಹಾಕುತ್ತಿದ್ದ. ಅವನನ್ನು ದೋಣಿ ಬಿಟ್ಟು ಹಿಡಿದು ತಂದರು. ಸ್ಯಾನ್ ಕ್ಲೆಮೆಂಟೆ ಊರಿನವರು ಮಕ್ಕಳು ಸ್ಕೇಟ್ ಮಾಡಬಾರದು ಅಂತ ಸ್ಕೇಟ್ ಪಾರ್ಕಿಗೆ 37 ಟನ್ ಮರಳು ಸುರಿಸಿದರು. ಹುಡುಗರು ಸಲಿಕೆ ಹಿಡಿದು ಬಂದು ಮರಳು ಎತ್ತಿ ಹಾಕಿದರು. ನಮ್ಮ ಪಾರ್ಕಿನಲ್ಲಿ ಅಷ್ಟು ಬಜೆಟ್ ಇರಲಿಲ್ಲ. ಎರಡು ಗೋಲ್ ಪೋಸ್ಟುಗಳನ್ನು ಎದುರುಬದುರು ನಿಲ್ಲಿಸಿ, ಬಲೆಗೆ ಬಲೆ ತಾಗಿಸಿ, ಸರಪಳಿ ಸುತ್ತಿ ಬೀಗ ಜಡಿದರು. ಆರು ಅಡಿ ಅಂತರ ಕಾಪಾಡದೆ ಇದ್ದವು ಊರಲ್ಲಿ ಅವೆರಡೇ.

ಮೇ 4ಕ್ಕೆ ಗಾಲ್ಫ್‌ಗೆ ಅನುಮತಿ ಸಿಕ್ಕಿತು. ಮಕ್ಕಳ ಸಾಕರ್‌ಗೆ ಸಿಗಲಿಲ್ಲ. ಮೇ 16ಕ್ಕೆ ಜರ್ಮನಿಯ ಫುಟ್‌ಬಾಲ್ ಲೀಗು ಬುಂಡೆಸ್‌ಲೀಗಾ ಖಾಲಿ ಸ್ಟೇಡಿಯಮ್ಮಿನಲ್ಲಿ ಮತ್ತೆ ಶುರುವಾಯಿತು. ಜುಲೈಯಲ್ಲಿ ನಮ್ಮ ಅಮೆರಿಕದ ದೊಡ್ಡವರ ಲೀಗು ಒರ್ಲ್ಯಾಂಡೊದಲ್ಲಿ ಮತ್ತೆ ಶುರುವಾಯಿತು. ದೊಡ್ಡವರು ಆಡುವುದನ್ನು ಟಿವಿಯಲ್ಲಿ ನೋಡುವ ಅವಕಾಶ ಮಕ್ಕಳಿಗೆ ಧಾರಾಳವಾಗಿತ್ತು.

ಕ್ಲಬ್ಬಿನವರು ಸುಮ್ನೆ ಕೂತಿದ್ದರು ಅಂದರೆ ಪಾಪ ಬರುತ್ತದೆ. ಮಂಗಳವಾರ, ಗುರುವಾರ ಸಂಜೆ ಐದಕ್ಕೆ ಜೂಮ್ ಪ್ರಾಕ್ಟೀಸ್ ಇಟ್ಟರು. ಹದಿನಾರು ಹುಡುಗಿಯರು ಹದಿನಾರು ಗ್ಯಾರೇಜಿನಲ್ಲಿ. ನಮ್ಮ ಗ್ಯಾರೇಜಿನಲ್ಲಿ ಎರಡು ಅಕ್ಕಿ ಚೀಲ ಗೋಲ್ ಪೋಸ್ಟು. ಮೂರನೇ ಚೀಲ ಗೋಲಿ, ಅಂದರೆ ಗೋಲ್‌ಕೀಪರ್. ನಾಲ್ಕನೆಯದರ ಮೇಲೆ ಲ್ಯಾಪ್‌ಟಾಪ್. ಕೋಚ್ ಪರದೆಯೊಳಗಿಂದ "ಸ್ಪೇಸ್ ಹುಡುಕು! ಸ್ಪೇಸ್ ಹುಡುಕು!" ಎಂದು ಕೂಗುತ್ತಿದ್ದ. ಒಂದು ಕಡೆ ವಾಷಿಂಗ್ ಮಷೀನು, ಇನ್ನೊಂದು ಕಡೆ ನಮ್ಮ ಕಾರು. ಇವಳು ಎಲ್ಲಿ ಹುಡುಕಬೇಕು? ಮೂರನೇ ವಾರ ಗೋಲಿಯ ಹೊಟ್ಟೆ ಒಡೆಯಿತು. ಆ ರಾತ್ರಿ ಗ್ಯಾರೇಜಿನ ನೆಲದಿಂದ ಅಕ್ಕಿ ಆರಿಸುತ್ತಾ ಮಾವ ಅಂದರು: "ಸಾಕರ್ ಅಂತೆ ಸಾಕರ್. ನನಗಂತೂ ಸಾಕಾಯ್ತು."

ಆಗಲೇ ದೊಡ್ಡ ದೊಡ್ಡ ಆಟಗಾರರೆಲ್ಲ ಟಾಯ್ಲೆಟ್ ಪೇಪರ್ ಸುರುಳಿಯನ್ನು ಕಾಲಲ್ಲಿ ಕುಣಿಸಿ ವಿಡಿಯೊ ಹಾಕುತ್ತಿದ್ದರು. ಕ್ಲಬ್ಬೂ ಮಕ್ಕಳಿಗೆ ಅದನ್ನೇ ಹೋಂವರ್ಕ್ ಕೊಟ್ಟಿತು. ಅಂಗಡಿಯಲ್ಲಿ ಜನ ಅದೇ ಸುರುಳಿಗೆ ಕ್ಯೂ ನಿಂತಿದ್ದ ದಿನಗಳು ಅವು. ಅದನ್ನು ಒದೆಯಲು ಧೈರ್ಯ ಇದ್ದದ್ದು ಚೊಂಬು ಇಟ್ಟುಕೊಂಡ ನಮ್ಮಂಥ ಮನೆಯವರಿಗೆ ಮಾತ್ರ. ಮಗಳು 43 ಸಲ ಕುಣಿಸಿದಳು. ಸರ್ಟಿಫಿಕೇಟ್ ಬಂತು.

ಏಪ್ರಿಲ್ 15ಕ್ಕೆ ಮೇಲಿನ ಮನೆಯವರೇ ಬಾಗಿಲು ಹಾಕಿಕೊಂಡರು. ಅಮೆರಿಕದ ಸಾಕರ್ ಫೆಡರೇಷನ್ 2007ರಿಂದ ನಡೆಸಿಕೊಂಡು ಬಂದಿದ್ದ, ಮಕ್ಕಳ ಮೇಲ್ದರ್ಜೆಯ ಲೀಗಾದ ಡೆವಲಪ್‌ಮೆಂಟ್ ಅಕಾಡೆಮಿಯನ್ನು ಮುಚ್ಚಿಬಿಟ್ಟಿತು. ಅದರ ಹೆಸರು ಡಿಎ. ಮಗು ಡಿಎಗೆ ಸೇರಲಿ ಅಂತ ಎಷ್ಟೋ ಅಪ್ಪಂದಿರು ಐದು ವರ್ಷದಿಂದ ಕಾರು ಓಡಿಸಿ ಸೊಂಟ ಹಿಡಿಸಿಕೊಂಡಿದ್ದರು. ಒಂದು ಬುಧವಾರ ಎದ್ದು ನೋಡಿದರೆ ಡಿಎ ಇಲ್ಲ. ಅಳುವ ಮುಂಚೆಯೇ ಹೊಸ ಲೀಗುಗಳು, ಹೊಸ ಅಕ್ಷರಗಳು ಹುಟ್ಟಿದವು. ಅವೇ ಕ್ಲಬ್ಬುಗಳು, ಅವೇ ಮಕ್ಕಳು, ಅದೇ ಹುಲ್ಲು. ಸ್ವೆಟರಿನ ಎದೆ ಮೇಲಿನ ಬ್ಯಾಡ್ಜ್ ಮಾತ್ರ ಹೊಸದು. ಅದು ಬೇಕಾದರೆ ಸ್ವೆಟರ್ ಸಮೇತ ಕೊಳ್ಳಬೇಕು.

ಮೇ ತಿಂಗಳು ಅಂದರೆ ಟ್ರೈಔಟ್. ಮುಂದಿನ ವರ್ಷದ ತಂಡಕ್ಕೆ ಆಯ್ಕೆ. ಈ ಸಲ ಅರವತ್ತು ಸೆಕೆಂಡಿನ ವಿಡಿಯೊ ಕಳಿಸಿ ಅಂದರು. ಕ್ಯಾಮೆರಾ ನಾನು, ಡಿಫೆಂಡರ್ ಮಾವ. ಪಂಚೆ ಎತ್ತಿ ಕಟ್ಟಿ ನಿಂತರು. ಮಗಳು ಅವರ ಕಾಲ ಸಂದಿಯಿಂದ ಚೆಂಡು ತೂರಿಸಿದಳು. ಕಳಿಸಿದೆವು. ಎರಡು ದಿನಕ್ಕೆ ಉತ್ತರ: ಅಭಿನಂದನೆಗಳು, ನಿಮ್ಮ ಮಗಳು ಆಯ್ಕೆಯಾಗಿದ್ದಾಳೆ, 48 ಗಂಟೆಯೊಳಗೆ ಮುಂಗಡ ಕಟ್ಟಿ. ವಾಟ್ಸಾಪಿನಲ್ಲಿ ವಿಚಾರಿಸಿದರೆ ಎಲ್ಲರೂ ಆಯ್ಕೆಯಾಗಿದ್ದರು. ವಿಡಿಯೊ ಅಪ್‌ಲೋಡ್ ಆಗದೆ ಇದ್ದ ಹುಡುಗಿಯೂ ಆಯ್ಕೆಯಾಗಿದ್ದಳು. ಊರಲ್ಲಿ ಮಾವನ ಅಣ್ಣನ ಮೊಮ್ಮಗ ಆ ವರ್ಷ ಪರೀಕ್ಷೆ ಬರೆಯದೆ ಪಾಸಾಗಿದ್ದ. "ಎರಡು ದೇಶದಲ್ಲೂ ಒಂದೇ ಸಿಲಬಸ್ಸು" ಅಂದರು ಮಾವ. ಅಲ್ಲಿ ಅದಕ್ಕೆ ಮುಂಗಡ ಕೇಳಿರಲಿಲ್ಲ ಅನ್ನುವುದು ಬೇರೆ ಮಾತು.

ಹೊಸ ವರ್ಷಕ್ಕೆ ಹೊಸ ಜರ್ಸಿ. ಅಂಗಡಿಗೆ ಹೋಗಿ ಹಾಕಿ ನೋಡುವಂತಿಲ್ಲ. ಹೆಂಡತಿಯ ಹೊಲಿಗೆ ಡಬ್ಬಿಯ ಟೇಪು ತೆಗೆದು ಅಳತೆ ಕೊಟ್ಟೆ. ಎರಡು ಜೊತೆ: ನಮ್ಮೂರ ಪಂದ್ಯಕ್ಕೆ ಹೋಮ್, ಪರಊರ ಪಂದ್ಯಕ್ಕೆ ನೀಲಿಯದು. ನಂಬರ್ 14. ಆಗಸ್ಟಿನಲ್ಲಿ ಬಂತು. ಅಷ್ಟರಲ್ಲಿ ಮಗಳು ಎರಡು ಇಂಚು ಬೆಳೆದಿದ್ದಳು. ನಂಬರ್ ಪ್ರಿಂಟ್ ಆದ ಮೇಲೆ ವಾಪಸ್ ಇಲ್ಲ. ಇನ್ನೊಂದು ಜೊತೆ ತರಿಸಿದೆ. ಬಿಗಿಯಾದ ನೀಲಿ ಜರ್ಸಿ ಮಾವನಿಗೆ ಸರಿಯಾಗಿ ಕೂತಿತು. ಅವರದು ಸಣಕಲು ಮೈ. ಸಂಜೆ ವಾಕಿಂಗಿಗೆ ಅದನ್ನೇ ಹಾಕತೊಡಗಿದರು. ನಮ್ಮ ಕ್ಲಬ್ಬಿನಲ್ಲಿ ದಿನಾ ನಾಲ್ಕು ಮೈಲಿ ಬೆವರು ಹರಿಸಿದ ಆಟಗಾರ ಆ ಕಾಲದಲ್ಲಿ ಅವರೊಬ್ಬರೇ.

ಆಗಸ್ಟಿನಿಂದ ಹೊರಗೆ ಪ್ರಾಕ್ಟೀಸ್ ಶುರು. ಆದರೆ ಗುಂಪಿಗೆ ಹನ್ನೆರಡೇ ಮಕ್ಕಳು. ಇದು ಹನ್ನೊಂದು ಜನರ ಆಟ, ಉಳಿದ ಒಬ್ಬಳು ಎದುರಾಳಿ ತಂಡ. ಅದೂ ಪರವಾಗಿಲ್ಲ ಅನ್ನೋಣ, ಎದುರಾಳಿ ಇರುವಂತೆಯೂ ಇರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಚೌಕ, ನಾಲ್ಕು ಮೂಲೆಗೆ ಕೋನ್. ಅವರವರ ಚೆಂಡು ಅವರವರು ತರಬೇಕು, ಇನ್ನೊಬ್ಬರ ಚೆಂಡು ಒದೆಯಬಾರದು. ಪಾಸ್ ಕೊಡುವುದು ನಿಷಿದ್ಧವಾದ ಫುಟ್‌ಬಾಲ್ ನೋಡಬೇಕಾದರೆ ನೀವು ಆಗ ಫ್ರೀಮಾಂಟಿಗೆ ಬರಬೇಕಿತ್ತು. ಕೋಚ್ ಮಾತ್ರ ಒಳ್ಳೆ ಹುಡುಗ. ಅರ್ಧ ಸಂಬಳ ಅಂತ ಅವನು ಹಗಲು ದಿನಸಿ ಡೆಲಿವರಿ ಮಾಡುತ್ತಿದ್ದ. ಒಂದು ದಿನ ನಮ್ಮ ಮನೆ ಮೆಟ್ಟಿಲ ಮೇಲೆ ಹಾಲು, ಮೊಸರು ಇಟ್ಟು ಹೊರಟವನು ಕಿಟಕಿಯಲ್ಲಿ ಮಗಳನ್ನು ನೋಡಿ, ನಾಚಿಕೊಂಡು, "ಎಡಗಾಲು ಮರೀಬೇಡ" ಅಂದ. ಹಾಗಾದರೆ ನನ್ನ 200 ಡಾಲರ್ ಯಾರ ಚೌಕದಲ್ಲಿ ಉರುಳುತ್ತಿತ್ತೋ.

ಆಗಸ್ಟ್ ಕೊನೆಗೆ ಸರ್ಕಾರ ಬಣ್ಣದ ಪದ್ಧತಿ ತಂದಿತು. ನೇರಳೆ, ಕೆಂಪು, ಕಿತ್ತಳೆ, ಹಳದಿ. ನೇರಳೆ ಅಂದರೆ ಎಲ್ಲಕ್ಕಿಂತ ಬಿಗಿ, ಹಳದಿ ಅಂದರೆ ಎಲ್ಲಕ್ಕಿಂತ ಸಡಿಲ. ಪ್ರತಿ ಮಂಗಳವಾರ ಯಾವ ಕೌಂಟಿಗೆ ಯಾವ ಬಣ್ಣ ಅಂತ ಪ್ರಕಟಣೆ. ಮಾವ ಕನ್ನಡಕ ಹಾಕಿಕೊಂಡು ಪಂಚಾಂಗ ಓದುವ ಹಾಗೆ ಓದುತ್ತಿದ್ದರು. "ನಮ್ಮ ಅಲಮೇಡ ಕೌಂಟಿಗೆ ಈ ವಾರ ಕೆಂಪು. ಆಟಕ್ಕೆ ಶುಭವಲ್ಲ." ಅಕ್ಟೋಬರಿನಲ್ಲಿ ನಮಗೆ ಕಿತ್ತಳೆ ಬಂತು. ಮಗಳು ಕ್ಲೀಟ್ಸ್ ಡಬ್ಬಿ ತೆಗೆದಳು. ಆದರೆ ಕಿತ್ತಳೆಯಲ್ಲಿ ಸಾಕರ್ ಮ್ಯಾಚ್ ಆಡಬಹುದೋ ಇಲ್ಲವೋ ಎಂಬ ನಿಯಮವೇ ಇನ್ನೂ ಬರೆದಿರಲಿಲ್ಲ. ನವೆಂಬರ್ 16ಕ್ಕೆ ಒಂದೇ ಏಟಿಗೆ ಹೆಚ್ಚುಕಡಿಮೆ ಇಡೀ ರಾಜ್ಯಕ್ಕೆ ನೇರಳೆ ಬಳಿದರು. ಅದು ಸೋಮವಾರ. ಮಂಗಳವಾರದ ತನಕ ಕಾಯುವ ವ್ಯವಧಾನವೂ ಇರಲಿಲ್ಲ. ಡಿಸೆಂಬರ್ 14ಕ್ಕೆ ನಿಯಮ ಬಂತು. ಏನಂತ? ಸಾಕರ್ ಮ್ಯಾಚನ್ನು ಕಿತ್ತಳೆ ಬಣ್ಣದಲ್ಲಿ ಆಡಬಹುದು, ಅದೂ ಜನವರಿ 25ರ ನಂತರ. ಕಿತ್ತಳೆ ಇದ್ದಾಗ ನಿಯಮ ಇಲ್ಲ, ನಿಯಮ ಬಂದಾಗ ಕಿತ್ತಳೆ ಇಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ ಅನ್ನುವ ಗಾದೆಯನ್ನು ಇಷ್ಟು ಖರ್ಚು ಮಾಡಿ ಯಾವ ಸರ್ಕಾರವೂ ವಿವರಿಸಿರಲಿಕ್ಕಿಲ್ಲ.

ಈ ನಡುವೆ ನಾವೊಂದು ಕೆಲಸ ಮಾಡಿದೆವು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ನವೆಂಬರ್ ಕೊನೆಯಲ್ಲಿ ಪಕ್ಕದ ರಾಜ್ಯ ಅರಿಜೋನಾಗೆ ಹೋದೆವು. ಅಲ್ಲಿ ಟೂರ್ನಮೆಂಟಿಗೆ ಅಡ್ಡಿ ಇರಲಿಲ್ಲ. ವೈರಸ್‌ಗೆ ಈಜು ಬರುವುದಿಲ್ಲ, ಗಡಿಯ ಕೊಲರಾಡೋ ನದಿ ದಾಟಿದರೆ ಸುರಕ್ಷಿತ ಎಂಬ ನಂಬಿಕೆ ಆಗ ಕ್ಯಾಲಿಫೋರ್ನಿಯಾದ ಸಾಕರ್ ಅಪ್ಪಂದಿರಲ್ಲಿ ಗಟ್ಟಿಯಾಗಿತ್ತು. ಇದು ಕ್ಲಬ್ಬಿನ ಪ್ರವಾಸ ಅಲ್ಲ, ಕುಟುಂಬಗಳು ತಮ್ಮಿಷ್ಟದಿಂದ ಹೋಗುತ್ತಿವೆ ಅಂತ ಕ್ಲಬ್ಬು ಮೇಲ್ ಕಳಿಸಿತು. ಆ ತಮ್ಮಿಷ್ಟದ ಕುಟುಂಬಗಳು ಯಾವ ಹೋಟೆಲಿನಲ್ಲಿ ಇಳಿಯಬೇಕು, ಯಾವ ಜರ್ಸಿ ತರಬೇಕು ಅಂತ ಅದೇ ಮೇಲ್‌ನಲ್ಲಿ ಇತ್ತು. ಹನ್ನೊಂದು ಗಂಟೆ ಕಾರು ಓಡಿಸಿದೆ. ಹೆಂಡತಿ ಪುಳಿಯೋಗರೆ ಕಟ್ಟಿದ್ದಳು. ಗ್ರೌಂಡಿನ ಪಾರ್ಕಿಂಗಿನಲ್ಲಿ ಎಲ್ಲಿ ನೋಡಿದರೂ ಕ್ಯಾಲಿಫೋರ್ನಿಯಾ ನಂಬರ್ ಪ್ಲೇಟು. ಮೊದಲ ಮ್ಯಾಚ್ ಬೆಳಗ್ಗೆ ಎಂಟಕ್ಕೆ. ಎದುರಾಳಿ ಯಾರು ಅಂತ ನೋಡಿದರೆ, ನಮ್ಮ ಮನೆಯಿಂದ ನಾಲ್ಕು ಮೈಲಿ ಆಚೆ ಇರುವ ಕ್ಲಬ್ಬು! ಅವರ ಗೋಲಿಯ ತಾಯಿ ನಮ್ಮ ಮಗಳ ಸ್ಕೂಲಿನ ಟೀಚರು. ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ಮಾಸ್ಕ್ ಮೇಲೆ ಎಳೆದುಕೊಂಡೆವು.

ಮೂರು ಮ್ಯಾಚ್. ಎರಡು ಸೋಲು, ಒಂದು ಡ್ರಾ. ವಾಪಸ್ ಬರುವಷ್ಟರಲ್ಲಿ ಕ್ಲಬ್ಬಿನ ಮೇಲ್ ಕಾದಿತ್ತು. ರಾಜ್ಯದ ಸಲಹೆಯಂತೆ ಹೊರಗೆ ಪ್ರಯಾಣ ಮಾಡಿದವರು ಹದಿನಾಲ್ಕು ದಿನ ಪ್ರಾಕ್ಟೀಸಿಗೆ ಬರಬಾರದು. ನಿಮ್ಮ ಮಕ್ಕಳ ಆರೋಗ್ಯವೇ ನಮಗೆ ಮುಖ್ಯ. ತಂಡಕ್ಕೆ ತಂಡವೇ ಮನೆಯಲ್ಲಿ ಕೂತಿತು. ಡಿಸೆಂಬರ್ ಕಂತು ಸರಿಯಾದ ದಿನಕ್ಕೆ ಹೋಯಿತು.

ಮಾವ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದರು. 2,400 ಭಾಗಿಸು ಮೂರು. ಮ್ಯಾಚಿಗೆ 800 ಡಾಲರ್, ಹೋಟೆಲು ಪೆಟ್ರೋಲು ಬಿಟ್ಟು. ರೂಪಾಯಿಗೆ ತಿರುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮ್ಯಾಚಿಗೆ ಒಂದು ಎಚ್‌ಎಫ್ ಹಸು," ಅಂದರು. "ಹಸು ಡ್ರಾ ಆದ್ರೂ ಹಾಲು ಕೊಡುತ್ತೆ." ಡಿಸೆಂಬರಿನಲ್ಲಿ ಅವರಿಗೆ ವಿಮಾನ ಸಿಕ್ಕಿತು, ಹೊರಟರು.

2021ರ ಫೆಬ್ರವರಿಯಲ್ಲಿ ಸರ್ಕಾರ ಬಣ್ಣ ಬಿಟ್ಟು ಅಂಕಿ ಹಿಡಿಯಿತು. ಲಕ್ಷ ಜನಕ್ಕೆ ದಿನಕ್ಕೆ 14 ಕೇಸಿಗಿಂತ ಹೆಚ್ಚಿಲ್ಲದ ಕೌಂಟಿಗಳಲ್ಲಿ ಫೆಬ್ರವರಿ 26ರಿಂದ ಆಡಬಹುದು ಅಂದಿತು. ಮಾರ್ಚಿನಲ್ಲಿ ನಮ್ಮ ಮೊದಲ ಮ್ಯಾಚ್. ಗೋಲ್ ಪೋಸ್ಟುಗಳ ಬೀಗ ಬಿಚ್ಚಿ ದೂರ ದೂರ ನಿಲ್ಲಿಸಿದರು. ಮಗಳು ನಾಲ್ಕನೇ ನಂಬರಿನ ಚೆಂಡಿನೊಂದಿಗೆ ಮನೆ ಸೇರಿದವಳು, ವಯಸ್ಸಿನ ಲೆಕ್ಕದಲ್ಲಿ ಐದನೇ ನಂಬರಿನ ಚೆಂಡಿಗೆ ಬಡ್ತಿ ಪಡೆದಿದ್ದಳು. ಹಸಿರು ಲೇಸಿನ ಕ್ಲೀಟ್ಸ್ ಕಾಲಿಗೆ ಹತ್ತಲಿಲ್ಲ. ಅರಿಜೋನಾದಲ್ಲಿ ಮೂರು ಮ್ಯಾಚ್ ಕಂಡಿದ್ದವು, ಅಷ್ಟೆ. ಹೋಮ್ ಜರ್ಸಿಯೂ ಮತ್ತೆ ಬಿಗಿ.

ಮ್ಯಾಚ್ ಮುಗಿಸಿ ಕಾರಿನಲ್ಲಿ ಕೂತು ಹಾಸನಕ್ಕೆ ವಿಡಿಯೊ ಕಾಲ್ ಮಾಡಿದೆವು. ಅಲ್ಲಿ ಬೆಳಗಿನ ಜಾವ. ಮಾವ ಆಗಲೇ ಮಹಾರಾಜ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಿದ್ದರು. ಮೈಮೇಲೆ ಅದೇ ನೀಲಿ ಜರ್ಸಿ, ಕೆಳಗೆ ಪಂಚೆ, ಬೆನ್ನ ಮೇಲೆ 14. ಪಾರ್ಕಿನಲ್ಲಿ ಹುಡುಗರು ಅವರನ್ನು "ಕೋಚ್" ಅಂತ ಕರೆಯಲು ಶುರು ಮಾಡಿದ್ದಾರಂತೆ.

"ಎಷ್ಟಕ್ಕೆ ಗೆದ್ರಿ?" ಕೇಳಿದರು.

"ಸೋತ್ವಿ ತಾತ. ಎರಡು ಸೊನ್ನೆ."

"ಪರವಾಗಿಲ್ಲ ಬಿಡು ಪುಟ್ಟಿ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಅಳಿಯಂದಿರೇ, ಇನ್ನೊಂದು ಮ್ಯಾಚ್ ಸೇರಿದರೆ ಹಸು ಸ್ವಲ್ಪ ಅಗ್ಗ ಆಯ್ತಲ್ಲ?"

ಉತ್ತರ ಹೇಳುವಷ್ಟರಲ್ಲಿ ಫೋನ್ ಟಿಂಗ್ ಎಂದಿತು. ಮುಂದಿನ ವರ್ಷದ ಟ್ರೈಔಟಿಗೆ ಹೆಸರು ಕೊಡಿ ಅಂತ.