ವೋಲ್ಟೇಜ್ ಡೌನ್

ಸಕಲೇಶಪುರದ ಕಡೆ ಏನೇ ಕೆಟ್ಟರೂ ಮೊದಲು ಬರುವ ಮಾತು ‘ವೋಲ್ಟೇಜ್ ಇಲ್ಲ’. ಮೋಟಾರು ನೀರೆತ್ತದಿದ್ದರೆ ವೋಲ್ಟೇಜ್. ದೋಸೆ ಹಿಟ್ಟು ನುಣ್ಣಗಾಗದಿದ್ದರೂ ವೋಲ್ಟೇಜ್. ಉದ್ದಿನಬೇಳೆ ನೆನೆಹಾಕಲು ಮರೆತದ್ದನ್ನು ಯಾರೂ ಹೇಳುವುದಿಲ್ಲ. ಹಾಗಾಗಿ ದೀಪಾವಳಿಗೆ ಬಂದ ಮಗಳು ‘ಅಪ್ಪಾ, ಗೇಮ್ ತುಂಬಾ ಲ್ಯಾಗ್ ಆಗ್ತಿದೆ’ ಎಂದಾಗ ಪೇಪರಿನಿಂದ ತಲೆ ಎತ್ತದೆಯೇ ಹೇಳಿದೆ, ‘ಸಂಜೆ ಹೊತ್ತಲ್ವಾ, ವೋಲ್ಟೇಜ್ ಇರಲ್ಲ.’

2024ರಲ್ಲಿ ರೋಬಸ್ಟಾ ಕಾಫಿ ಚೆರ್ರಿ 50 ಕೆಜಿ ಮೂಟೆಗೆ ಹತ್ತು ಸಾವಿರ ದಾಟಿತಲ್ಲ, ಆಗ ಅಕ್ಕಪಕ್ಕದವರು ಜೀಪು ಬದಲಾಯಿಸಿದರು. ನಮ್ಮ ಮನೆಗೆ ಬಂದದ್ದು ಈ ಕಂಪ್ಯೂಟರ್. ಹಾಸನದಿಂದ ಕೂಸಿನ ಹಾಗೆ ತೊಡೆ ಮೇಲಿಟ್ಟುಕೊಂಡು ತಂದೆವು. ಗೇಮಿನ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ ಸೆಕೆಂಡ್ ಹ್ಯಾಂಡ್ ಬೈಕಿನ ದುಡ್ಡು. ಇಟ್ಟಿಗೆಯಷ್ಟು ದಪ್ಪ, ಮೈಮೇಲೆ ಮೂರು ಫ್ಯಾನು. ಅಂಥದ್ದಿದ್ದೂ ಪರದೆಯ ಮೇಲಿನ ರೇಸ್ ಕಾರು ಶಿರಾಡಿ ಘಾಟಿಯಲ್ಲಿ ಗ್ಯಾಸ್ ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡಂತೆ ಹೋಗುತ್ತಿತ್ತು. ಮೂಲೆಯಲ್ಲಿ 18 ಎಂಬ ಅಂಕಿ. ಸೆಕೆಂಡಿಗೆ 18 ಚಿತ್ರ. 60 ಆದರೂ ಬೇಕಂತೆ.

ವೋಲ್ಟೇಜ್ ವಾದವನ್ನು ಮಗಳು ಒಂದೇ ಏಟಿಗೆ ಮುಗಿಸಿದಳು. ಇದರ ಪವರ್ ಸಪ್ಲೈ 100ರಿಂದ 240 ವೋಲ್ಟಿನವರೆಗೆ ಏನು ಕೊಟ್ಟರೂ ತೆಗೆದುಕೊಂಡು, ಒಳಗೆ 12 ವೋಲ್ಟ್ ಮಾಡಿ ಕೊಡುತ್ತದಂತೆ. ಲೈನು 170ಕ್ಕೆ ಇಳಿದರೆ ಸೀಲಿಂಗ್ ಫ್ಯಾನು ತೂಕಡಿಸಬಹುದು, ಕಂಪ್ಯೂಟರ್ ತೂಕಡಿಸುವುದಿಲ್ಲ. ತೀರಾ ಇಳಿದರೆ ಆಫ್ ಆಗುತ್ತದೆ, ಅಷ್ಟೇ. ಐವತ್ತು ವರ್ಷ ಕೈಹಿಡಿದು ನಡೆಸಿದ ಕಾರಣವೊಂದು ಹೀಗೆ ಕೈಬಿಟ್ಟಿತು.

ಆಮೇಲೆ ಬಿಸಿಯ ಮೇಲೆ ಅನುಮಾನ ಬಂತು. ಪ್ರೊಸೆಸರ್ 95, 100 ಡಿಗ್ರಿ ಮುಟ್ಟಿದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಪಕ್ಕದ ಮುಚ್ಚಳ ತೆಗೆದೆವು. ಧೂಳಿನ ಸುಳಿವಿಲ್ಲ. ಆಯುಧಪೂಜೆಗೆ ನಾನೇ ಒರೆಸಿದ್ದೆ, ಕುಂಕುಮ ಇನ್ನೂ ಹಾಗೇ ಇತ್ತು. ಒಳಗೆ ಬಿಸಿಯೂ ಇಲ್ಲ. ಕಾರ್ಡಿನ ಮೂರು ಫ್ಯಾನೂ ತಿರುಗುತ್ತಲೇ ಇಲ್ಲ! ಸುಟ್ಟೇ ಹೋಯಿತು ಎಂದುಕೊಂಡೆ. ಹಾಗಲ್ಲವಂತೆ. ಈಗಿನ ಎಷ್ಟೋ ಕಾರ್ಡುಗಳು ಕೆಲಸವಿಲ್ಲದಾಗ ಫ್ಯಾನು ನಿಲ್ಲಿಸಿಕೊಂಡು ಕೂರುತ್ತವೆ. ಆದರೆ ಗೇಮ್ ಓಡುತ್ತಿರುವಾಗ ಇದಕ್ಕೆ ಕೆಲಸ ಇಲ್ಲ ಅಂದರೇನು? ಒಳಗೆ ಯಾರು ಎಷ್ಟು ದುಡಿಯುತ್ತಿದ್ದಾರೆಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ, ಪ್ರೊಸೆಸರಿನೊಳಗಿನ ಬಡಪಾಯಿ ಗ್ರಾಫಿಕ್ಸ್ 98 ಪರ್ಸೆಂಟ್ ದುಡಿಯುತ್ತಿತ್ತು. ನಮ್ಮ ಇಟ್ಟಿಗೆ 1 ಪರ್ಸೆಂಟ್. ಮೂಟೆ ಹೊರಲು ಬಂದವನು ಮರದ ನೆರಳಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತ ಹಾಗೆ.

ಮರುದಿನ ಬೆಳಿಗ್ಗೆ ಮಗಳು ಎಣ್ಣೆ ಸ್ನಾನಕ್ಕೆ ಹೋದಾಗ, ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಗುಟ್ಟಾಗಿ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ ಅವನು. ‘ಮಾವ, ಮಾನಿಟರ್ ವಯರು ಎಲ್ಲಿಗೆ ಚುಚ್ಚಿದ್ದೀರಿ?’

ಟಾರ್ಚ್ ಹಿಡಿದು ಹಿಂದೆ ನುಗ್ಗಿದೆ. ಒಂದೇ ಆಕಾರದ ತೂತು ಎರಡು ಕಡೆ. ಮೇಲೆ, ಯುಎಸ್‌ಬಿಗಳ ಪಕ್ಕ ಇರುವುದು ಪ್ರೊಸೆಸರ್ ಕೂತಿರುವ ಮದರ್‌ಬೋರ್ಡಿನದು. ಕೆಳಗೆ ಅಡ್ಡಕ್ಕಿರುವುದು ಕಾರ್ಡಿನದು. ಯಾವುದಕ್ಕೆ ಹಾಕಿದರೂ ಚಿತ್ರ ಬರುತ್ತದೆ, ಇದೇ ಅದರ ಕಿಡಿಗೇಡಿತನ. ನಮ್ಮ ವಯರು ಮೇಲಿನದರಲ್ಲಿತ್ತು, ಹಾಗಾಗಿ ಚಿತ್ರ ಬಿಡಿಸುವ ಕೆಲಸವೆಲ್ಲ ಪ್ರೊಸೆಸರಿನೊಳಗಿನ ಬಡಪಾಯಿಯ ತಲೆಗೆ. ಮದುವೆಗೆ ಅಡುಗೆ ಭಟ್ಟರನ್ನು ಕರೆಸಿ, ಬಡಿಸುವವರನ್ನು ಮನೆಯ ಒಲೆ ಮುಂದೆ ಸಾಲು ನಿಲ್ಲಿಸಿದ ಹಾಗಾಗಿತ್ತು.

ನಿಲ್ಲಿಸಿದವರು ಯಾರು ಎಂದು ಕೇಳಬೇಡಿ. ಆಯುಧಪೂಜೆಯ ದಿನ ವಯರುಗಳನ್ನೆಲ್ಲ ಕಿತ್ತು, ಒರೆಸಿ, ಮಂಗಳಾರತಿ ಎತ್ತಿ ಮತ್ತೆ ಚುಚ್ಚಿದ್ದೆ. ಕೊನೆಗೆ ಒಂದೂ ವಯರು ಉಳಿಯದಿದ್ದರೆ ಎಲ್ಲಾ ಸರಿಯಾಗಿದೆ ಎಂಬುದು ನನ್ನ ಲೆಕ್ಕ.

ಕಿತ್ತು ಕೆಳಗೆ ಹಾಕಿದೆ. ಅಕ್ಕನ ಮಗ ಇನ್ನೆರಡು ಹೇಳಿಕೊಟ್ಟ. ಮಾನಿಟರ್ 144 ಹರ್ಟ್ಸಿನದು, ಅಂದರೆ ಸೆಕೆಂಡಿಗೆ 144 ಚಿತ್ರ ತೋರಿಸಬಲ್ಲದು, ವಿಂಡೋಸಿನ ಸೆಟ್ಟಿಂಗಿನಲ್ಲಿ 60ಕ್ಕೇ ನಿಂತಿತ್ತು. 3200 ವೇಗದ ರ‍್ಯಾಮ್ ಕೂಡ, ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯೋಸಿಗೆ ಹೋಗಿ ಅದನ್ನು ಪೂರ್ತಿ ವೇಗಕ್ಕೆ ಬಿಡುವ ಎಕ್ಸ್‌ಎಂಪಿ ಆನ್ ಮಾಡುವವರೆಗೆ 2133ರಲ್ಲೇ ನಡೆಯುತ್ತಿತ್ತು. ಹೇಳದಿದ್ದರೆ ಮಾಡುವವರಲ್ಲ ಇವರ‍್ಯಾರೂ.

ಮಗಳು ತಲೆ ಒರೆಸಿಕೊಳ್ಳುತ್ತಾ ಬಂದು ಗೇಮ್ ಹಚ್ಚಿದಳು. ಫ್ಯಾನುಗಳು ಗುಂಯ್ ಎಂದವು, ಕಾರು ಹಾರಿತು. ಮೂಲೆಯಲ್ಲಿ 110.

‘ಏನ್ ಮಾಡಿದೆ ಅಪ್ಪಾ?’

‘ನಾನೇನು ಮಾಡ್ಲಿ? ಬೆಳಿಗ್ಗೆ ಹೊತ್ತು ವೋಲ್ಟೇಜ್ ಚೆನ್ನಾಗಿರುತ್ತೆ.’

ಅವಳು ನನ್ನ ಕೈಯಲ್ಲಿ ಇನ್ನೂ ಉರಿಯುತ್ತಿದ್ದ ಟಾರ್ಚ್ ನೋಡಿದಳು.