ಉಲ್ಟಾ ಕಾರಿನ ಯಜಮಾನಿಕೆ

ನಮ್ಮ ಕಾರಿನ ಬಾನೆಟ್ಟು ಉಲ್ಟಾ ತೆರೆಯುತ್ತದೆ. ಲೋಕದ ಕಾರುಗಳಿಗೆಲ್ಲ ಗಾಜಿನ ಬುಡದಲ್ಲಿ ಕೀಲಿದ್ದರೆ ಇದಕ್ಕೆ ಮೂತಿಯ ತುದಿಯಲ್ಲಿ. ಚಿಲಕ ತೆಗೆದು ಎತ್ತಿದರೆ ಹೆಡ್‌ಲೈಟು, ಮಡ್‌ಗಾರ್ಡು ಸಮೇತ ಇಡೀ ಮುಂಭಾಗವೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಲುಂಡಿನ ನಮ್ಮ ಸೊಸೈಟಿಯಲ್ಲಿ ನನ್ನ ಪಾಲಿಗೆ ಬಂದಿರುವ ಪಾರ್ಕಿಂಗ್ ಜಾಗದ ಎದುರಿಗೇ ಗೋಡೆ. ಗೋಡೆಗೆ ಮೂತಿ ಹಚ್ಚಿ ನಿಲ್ಲಿಸಿದರೆ ಬಾನೆಟ್ಟು ಏಳುವುದಿಲ್ಲ. ಬಾನೆಟ್ಟು ಏಳದೆ ಎಂಜಿನ್ನು ಕೈಗೆ ಸಿಗುವುದಿಲ್ಲ. ಎಂಜಿನ್ನು ಚಾಲೂ ಆಗದೆ ಕಾರು ಗೋಡೆ ಬಿಟ್ಟು ಹಿಂದೆ ಬರುವುದಿಲ್ಲ. ಕೊನೆಗೆ ವಾಚ್‌ಮನ್‌ಗಳೇ ಗತಿ. ಅವರು ತಳ್ಳಿ ಹಿಂದಕ್ಕೆ ತಂದ ಮೇಲೆ ನಾನು ಬಾನೆಟ್ಟು ಮಗುಚಿ, ಮುಂದಿನ ಟೈರಿನ ಮೇಲೆ ಕೂತು ಎಂಜಿನ್ನು ನೋಡುತ್ತಿದ್ದೆ. ಟೈರೇ ಸ್ಟೂಲು. ಈ ಕಾರಿನಲ್ಲಿ ಅತಿ ಅನುಕೂಲವಾದ ಸೀಟು ಅದೊಂದೇ ಎಂದು ನನ್ನ ಖಚಿತ ಅಭಿಪ್ರಾಯ.

ಮೇಲಿನ ಮಹಡಿಯ ಕಿಟಕಿಯಿಂದ ಯಾರೋ ಇದನ್ನು ನೋಡಿದರು. ಮೂತಿ ಕಿತ್ತುಹೋದ ಕಾರು, ಪಕ್ಕದಲ್ಲಿ ತಲೆ ಬಗ್ಗಿಸಿ ಕೂತ ನಾನು. ಸಂಜೆಯೊಳಗೆ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ನನಗೆ ಭಾರೀ ಅಪಘಾತವಾಗಿತ್ತು. ಡೊಂಬಿವಲಿಯಿಂದ ಫೋನ್ ಮಾಡಿದ ಚಿಕ್ಕಮ್ಮ, ನಾನೇ ಫೋನೆತ್ತಿದ್ದಕ್ಕೆ ಸ್ವಲ್ಪ ನಿರಾಶೆಗೊಂಡರೆಂದು ಕಾಣುತ್ತದೆ. "ನಿಂಗೇನೂ ಆಗಿಲ್ವಾ ಹಾಗಾದ್ರೆ?" ಎಂದು ಮತ್ತೆ ಮತ್ತೆ ಕೇಳಿದರು.

ಕಾರು 1964ರ ಟ್ರಯಂಫ್ ಸ್ಪಿಟ್‌ಫೈರ್. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಹುಟ್ಟಿದ್ದು. ಇದರ ಚಹರೆ ಬರೆದವನು ಇಟಲಿಯ ಜಿಯೋವಾನಿ ಮಿಕೆಲೊಟ್ಟಿ. ಕಂಪನಿ ಕಾಸಿಲ್ಲದೆ ಒದ್ದಾಡುತ್ತಿದ್ದ ಕಾಲವಾದ್ದರಿಂದ ಅವನು ಮಾಡಿಕೊಟ್ಟ ಮಾದರಿಯನ್ನು ಕಾರ್ಖಾನೆಯ ಮೂಲೆಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದರು. 1961ರಲ್ಲಿ ಕಂಪನಿಯನ್ನು ಕೊಂಡುಕೊಂಡ ಲೇಲ್ಯಾಂಡಿನವರು ಏನೇನು ಸಿಕ್ಕಿದೆ ಎಂದು ಸುತ್ತಾಡುವಾಗ ಬಟ್ಟೆ ಸರಿಸಿ ನೋಡಿ, ಇದನ್ನು ಮಾಡೇ ಬಿಡೋಣ ಎಂದರಂತೆ. ಮರುವರ್ಷ ಲಂಡನ್ನಿನ ಮೋಟಾರು ಪ್ರದರ್ಶನಕ್ಕೆ ಬಂತು. ನನಗೆ ಸಿಕ್ಕಾಗಲೂ ಇದು ಮುಸುಕಿನಲ್ಲೇ ಇತ್ತು. ಕಲೀನಾದ ಒಂದು ಹಳೆಯ ಬಂಗಲೆಯ ಹಿತ್ತಲು, ನೀಲಿ ತಾಡಪತ್ರಿ, ಅದರಡಿ ಕಾರು, ಕಾರಿನಡಿ ಕೋಳಿ. 2005ರ ಜುಲೈ 26ರ ಮಳೆಯಲ್ಲಿ ಮಿಠಿ ನದಿ ಹಿತ್ತಲಿಗೆ ಬಂದು ಹೋದಂದಿನಿಂದ ಯಾರೂ ಮುಟ್ಟಿರಲಿಲ್ಲ. ಯಜಮಾನಿ ಅಜ್ಜಿ ಕಾರಿಗೆ ಹೆಚ್ಚು ಚೌಕಾಸಿ ಮಾಡಲಿಲ್ಲ. ಡ್ರೈವರ್ ಸೀಟಿನಲ್ಲಿ ಕಾವು ಕೂತಿದ್ದ ಹೇಂಟೆ ಎದ್ದ ಮೇಲೆ ಒಯ್ಯಬೇಕು ಎಂಬ ಷರತ್ತು ಮಾತ್ರ ಹಾಕಿದರು.

ಬ್ಯಾಂಕಿನಿಂದ ನಿವೃತ್ತನಾದವನಿಗೆ ಸ್ಟೆಪ್ನಿ ಬದಲಿಸುವುದು ಬಿಟ್ಟರೆ ಬೇರೆ ಮೋಟಾರು ವಿದ್ಯೆ ಗೊತ್ತಿರಲಿಲ್ಲ ನಿಜ. ಆದರೆ ಧೈರ್ಯಕ್ಕೊಂದು ಆಧಾರವಿತ್ತು. ಸ್ಪಿಟ್‌ಫೈರಿನ ಚಾಸಿಯೆಂದರೆ ಟ್ರಯಂಫ್ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿದ್ದು. ಮುಂದಿನ ಸಸ್ಪೆನ್ಶನ್ನೂ ಅದರದ್ದೇ. ಆ ಹೆರಾಲ್ಡು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ 1961ರಿಂದ ಮದರಾಸಿನಲ್ಲೇ ತಯಾರಾಗುತ್ತಿತ್ತು. ಶಿವಮೊಗ್ಗೆಯ ನನ್ನ ಸೋದರಮಾವನ ಹತ್ತಿರವೂ ಒಂದಿತ್ತು. ಅಂದಮೇಲೆ ಇದು ನೆಂಟರ ಪೈಕಿಯೇ ಅಲ್ಲವೇ ಎಂದುಕೊಂಡೆ. ನೆಂಟರು ಎಂದುಕೊಂಡಲ್ಲೇ ಖರ್ಚು ಶುರುವಾಗುವುದು.

ಕೆಲಸಕ್ಕೆ ಸಿಕ್ಕವರು ಕುರ್ಲಾದ ಚಾಚಾ. ಆಯುಸ್ಸೆಲ್ಲ ಪದ್ಮಿನಿ ಟ್ಯಾಕ್ಸಿಗಳ ರಿಪೇರಿಯಲ್ಲಿ ಕಳೆದವರು. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಮುಂಬಯಿಯ ರಸ್ತೆಯಿಂದ ಇಳಿದ ಮೇಲೆ ಕೈ ಖಾಲಿಯಾಗಿ, ಭಾಂಡುಪಿನ ಗಾಲಾ, ಅಂದರೆ ಬಾಡಿಗೆಯ ಪುಟ್ಟ ವರ್ಕ್‌ಶಾಪು, ಒಂದರಲ್ಲಿ ಸಿಕ್ಕ ಕೆಲಸ ಮಾಡಿಕೊಂಡಿದ್ದರು. ನಮ್ಮ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಹೋ ಜಾಯೇಗಾ ಸಾಬ್" ಎಂದರು. ಈ ಮೂರು ಶಬ್ದಗಳ ಮೇಲೆ ಎಷ್ಟು ಜನರ ಪ್ರಾವಿಡೆಂಟ್ ಫಂಡು ಕರಗಿದೆಯೋ.

ಮೊದಲು ಸೋತದ್ದು ಪಾನಾ. ಚಾಚಾನ ಪೆಟ್ಟಿಗೆಯ ಪಾನಾಗಳೆಲ್ಲ ಮಿಲಿಮೀಟರಿನವು, ಕಾರಿನ ನಟ್ಟುಗಳೆಲ್ಲ ಇಂಚಿನವು. ಅರ್ಧ ಇಂಚಿನ ನಟ್ಟಿಗೆ 13ರ ಪಾನಾ ಕೂತಂತೆ ಮಾಡುತ್ತದೆ. ಏಳು ಬೈ ಹದಿನಾರು ಇಂಚಿನದಕ್ಕೆ 11 ಹೋಗುವುದಿಲ್ಲ, 12 ನಿಲ್ಲುವುದಿಲ್ಲ. ಚಾಚಾ 12 ಹಾಕಿ, ಉಸಿರು ಕಟ್ಟಿ ಒಂದು ಜಗ್ಗು ಜಗ್ಗಿದರು. ಪಾನಾ ಸರ್ರನೆ ತಿರುಗಿತು, ನಟ್ಟು ಕದಲಲಿಲ್ಲ. ಪಾನಾ ತೆಗೆದು ನೋಡಿದರೆ ಷಟ್ಕೋನದ ಆರೂ ಮೂಲೆ ಸವೆದು ನಟ್ಟು ನುಣ್ಣಗೆ ಗುಂಡಗಾಗಿತ್ತು. ಅದನ್ನು ಉಳಿಯಿಟ್ಟು ಒಡೆಯಲು ಮಧ್ಯಾಹ್ನವೆಲ್ಲ ಹಿಡಿಯಿತು. ಆಮೇಲೆ ಚಾಚಾಗೆ ತಮ್ಮ ಉಸ್ತಾದನ ಕಾಲದ ಲೆಕ್ಕ ನೆನಪಾಯಿತು. ಇಂಚಿಗೆ ಎಂಟು ಸೂತ್. ಅರ್ಧ ಇಂಚೆಂದರೆ ಚಾರ್ ಸೂತ್; ಈ ಹಾಳು ನಟ್ಟು ಸಾಢೇ ತೀನ್ ಸೂತ್. ಕುರ್ಲಾದ ಗುಜರಿಯಿಂದ ಸೂತಿನ ಪಾನಾಗಳ ಒಂದು ತುಕ್ಕು ಹಿಡಿದ ಗೊಂಚಲು ಬಂತು. ಅವತ್ತಿನಿಂದ ನಾನೂ ಮನೆಯಲ್ಲಿ ಪಡವಲಕಾಯಿಯನ್ನು ಸೂತಿನಲ್ಲೇ ಹೆಚ್ಚತೊಡಗಿದೆ.

ತುಕ್ಕಿನ ವಿಷಯ ವಿಸ್ತರಿಸಿ ಹೇಳಲು ಮನಸ್ಸಿಲ್ಲ. ಬಾಗಿಲ ಕೆಳಗಿನ ಸಿಲ್ಲುಗಳು ಇತರ ಗಾಡಿಗಳಲ್ಲಿ ಅಲಂಕಾರವಾಗಿರಬಹುದು, ಸ್ಪಿಟ್‌ಫೈರಿನಲ್ಲಿ ಬಾಡಿಯ ನಡುವನ್ನು ಹಿಡಿದಿರುವುದೇ ಅವು. ಡೆಂಟಿಂಗಿನ ಹುಡುಗ ಹೊಸ ತಗಡು ಹಾಕುವ ಉತ್ಸಾಹದಲ್ಲಿ ಎರಡನ್ನೂ ಒಟ್ಟಿಗೆ ಕತ್ತರಿಸಿ ಚಹಾಕ್ಕೆ ಹೋದ. ಅವನು ವಾಪಸು ಬರುವಷ್ಟರಲ್ಲಿ ಕಾರು ಹಗ್ಗ ಸಡಿಲಾದ ಹೊರಸಿನ ಹಾಗೆ ನಡುವಲ್ಲಿ ಜೋತುಬಿದ್ದಿತ್ತು. ಬಾಗಿಲು ತೆಗೆದರೆ ಮುಚ್ಚಲಿಲ್ಲ. ಜಾಕಿ ಕೊಟ್ಟು, ಬಾಗಿಲ ಚೌಕಟ್ಟಿಗೆ ಅಡ್ಡ ಪಟ್ಟಿ ಬೆಸೆದು, ಅದನ್ನು ಮತ್ತೆ ನೆಟ್ಟಗೆ ಮಾಡುವ ಹೊತ್ತಿಗೆ ಗಾಲಾದ ಬಾಡಿಗೆ ಏರಿತ್ತು.

ಸೊಸೈಟಿಗೆ ಮರಳಿ ತಂದ ಮೇಲೆ ಕರೆಂಟಿನ ಪ್ರಕರಣ ನಡೆಯಿತು. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ಸನ್ನು ಬಾಡಿಗೆ ಕಟ್ಟಿರುತ್ತಾರೆ. ಆ ಕಾಲದ ಬ್ರಿಟಿಷರು ಪ್ಲಸ್ಸನ್ನು ಕಟ್ಟಿದ್ದರು. ನಮ್ಮದರಲ್ಲಿ ಬಾಡಿಯೇ ಪ್ಲಸ್. ಇದನ್ನು ಒಂದು ಚೀಟಿಯಲ್ಲಿ ಬರೆದು ಬ್ಯಾಟರಿಯ ಮೇಲೆ ಅಂಟಿಸಿದ್ದೆ. ಒಂದು ಬೆಳಿಗ್ಗೆ ಬ್ಯಾಟರಿ ಇಳಿದಿತ್ತು. ಮೂರನೇ ಮಹಡಿಯವರ ಅಳಿಯ ರಜೆಗೆ ಬಂದಿದ್ದ, ಕಂಪ್ಯೂಟರ್ ಎಂಜಿನಿಯರು. "ಅಂಕಲ್, ನೀವು ದೂರ ಇರಿ" ಎಂದು ಮಾವನ ಕಾರನ್ನು ಪಕ್ಕಕ್ಕೆ ತಂದು, ಕೆಂಪು ತಂತಿಯನ್ನು ಪ್ಲಸ್ಸಿಗೆ ಹಾಕಿ, ಯೂಟ್ಯೂಬು ಕಲಿಸಿದ ಪ್ರಕಾರ ಕಪ್ಪು ತಂತಿಯ ಚಿಮಟಿಗೆಯನ್ನು ನಮ್ಮ ಕಾರಿನ ಬಾಡಿಗೆ ಮುಟ್ಟಿಸಿದ. ನಾನು "ಅಯ್ಯೋ ಬೇಡ" ಎನ್ನುವುದರೊಳಗೆ ಫಟ್ಟೆಂದು ನೀಲಿ ಕಿಡಿ ಹಾರಿ, ಚಿಮಟಿಗೆಯ ಹಲ್ಲು ಕರಗಿ ಅಂಟಿಕೊಂಡಿತು. ಪ್ಲಸ್ಸಿನಿಂದ ಹೊರಟ ಕರೆಂಟು ನಮ್ಮ ಬಾಡಿಯ ಮೂಲಕ ನೇರ ಅವರ ಮೈನಸ್ಸಿಗೆ ಹೋಗಿತ್ತು, ಮಧ್ಯೆ ತಡೆಯುವವರೇ ಇರಲಿಲ್ಲ. ಅಳಿಯ ಸುಟ್ಟ ಬೆರಳು ಊದಿಕೊಳ್ಳುತ್ತ, "ಅಂಕಲ್, ನಿಮ್ಮ ಕಾರಿನ ಪ್ಲಸ್ಸೇ ತಪ್ಪು" ಎಂದ. ಅಳಿಯಂದಿರ ಜೊತೆ ವಾದ ಮಾಡಬಾರದೆಂದು ಸುಮ್ಮನಾದೆ. ಮಾವನವರೂ ಸುಮ್ಮನಿದ್ದರು. ಅವರಿಗೆ ಅಭ್ಯಾಸವಿತ್ತು.

ಮುಂದಿನ ಚಕ್ರಗಳ ಬುಡದಲ್ಲಿ ಟ್ರನಿಯನ್ ಎಂಬ ಹಿತ್ತಾಳೆಯ ಒಂದು ಗಿಡ್ಡ ಭಾಗವಿದೆ. ಸ್ಟೇರಿಂಗು ತಿರುಗಿಸಿದಾಗ ಉಕ್ಕಿನ ದಂಡ ಅದರ ಮರೆಯೊಳಗೆ, ಅಂದರೆ ಸ್ಕ್ರೂವಿನಂಥ ಸುರುಳಿ ಗೆರೆಗಳೊಳಗೆ, ತಿರುಗುತ್ತದೆ. ಕಂಡ ಕೀಲಿಗೆಲ್ಲ ಗ್ರೀಸು ತುಂಬುವುದು ಚಾಚಾನ ಧರ್ಮ. ಇದಕ್ಕೆ ಮಾತ್ರ ಗ್ರೀಸು ನಿಷಿದ್ಧ, 90 ನಂಬರಿನ ಗೇರ್ ಆಯಿಲ್ಲೇ ಬೇಕು. ಗ್ರೀಸು ಮರೆಯ ಸಂದಿಗೆ ಇಳಿಯದೆ ಗಟ್ಟಿಯಾಗುತ್ತದೆ, ನೀರು ಸೇರುತ್ತದೆ, ಒಳಗೆ ತುಕ್ಕು ತಿಂದ ದಂಡ ಒಂದು ದಿನ ಪಟಕ್ಕನೆ ಮುರಿದು ಚಕ್ರ ಮಲಗಿಬಿಡುತ್ತದೆ. ನಮ್ಮದರಲ್ಲಿ ಹಿಂದಿನ ಯಾರೋ ಪುಣ್ಯಾತ್ಮರು ಆಗಲೇ ಗ್ರೀಸು ತುಂಬಿದ್ದರು. ಹೊಸದು ಬೇಕಾಯಿತು. ಹೆರಾಲ್ಡಿನದೇ ಆಗುತ್ತದೆಂದು ಚೆನ್ನೈಯಲ್ಲಿರುವ ಚಿಕ್ಕಪ್ಪನ ಮಗನನ್ನು ಪುದುಪೇಟೆಯ ಹಳೇ ಬಿಡಿಭಾಗಗಳ ಬಜಾರಿಗೆ ಓಡಿಸಿದೆ. ಅಲ್ಲಿಂದ ಫೋನು: "ಅಣ್ಣಾ, ಅಂಗಡಿಯವ ಲೆಫ್ಟಾ ರೈಟಾ ಅಂತಾನೆ." ಎರಡೂ ಬೇಕು ಎಂದೆ. ರೈಲಿನಲ್ಲಿ ಯಾರ ಕೈಯಲ್ಲೋ ಪೊಟ್ಟಣ ಬಂತು. ಬಿಚ್ಚಿದರೆ ಎರಡೂ ಲೆಫ್ಟು. ಜೋಡಿ ಎಂದಮೇಲೆ ಒಂದೇ ಥರ ಇರಬೇಕಲ್ಲವೇ ಎಂದು ಅವನು ಆರಿಸಿ ಆರಿಸಿ ತಂದಿದ್ದನಂತೆ. ಎಡಗಡೆಯದಕ್ಕೆ ಎಡಮರೆ, ಬಲಗಡೆಯದಕ್ಕೆ ಬಲಮರೆ. ಬೇರೆ ಬರುವವರೆಗೆ ಕಾರು ಒಂದು ಮೊಣಕಾಲು ಊರಿ ಇಟ್ಟಿಗೆಯ ಮೇಲೆ ನಿಂತಿತ್ತು, ಮಕ್ಕಳು ಅದರ ಸುತ್ತ ಕ್ರಿಕೆಟ್ ಆಡಿದರು.

ಎಂಜಿನ್ನು ಎದ್ದಿತು, ಆದರೆ ಕುಂಟುತ್ತಿತ್ತು. ಪೆಟ್ರೋಲಿಗೆ ಗಾಳಿ ಬೆರೆಸುವ ಎಸ್‌ಯು ಎಂಬ ಬ್ರಾಂಡಿನ ಕಾರ್ಬರೇಟರುಗಳು ಎರಡಿವೆ, ಒಂದು ಮುಂದೆ, ಒಂದು ಹಿಂದೆ. ಎರಡೂ ಒಂದೇ ಪ್ರಮಾಣದಲ್ಲಿ ಗಾಳಿ ಎಳೆಯಬೇಕು. ಹೇಗೆ ಗೊತ್ತಾಗುತ್ತದೆ? ರಬ್ಬರಿನ ನಳಿಗೆಯ ಒಂದು ತುದಿ ಕಾರ್ಬರೇಟರಿನ ಬಾಯಿಗೆ, ಇನ್ನೊಂದು ತುದಿ ಕಿವಿಗೆ ಹಿಡಿದು, ಸುಯ್ಯೆನ್ನುವ ಸದ್ದು ಎರಡರಲ್ಲೂ ಸಮವಾಗುವಂತೆ ಸ್ಕ್ರೂ ತಿರುವಬೇಕು. ಚಾಚಾನ ಪದ್ಮಿನಿಗೆ ಒಂದೇ ಕಾರ್ಬರೇಟರು, ಅದಕ್ಕೆ ತೂಗಿ ನೋಡುವ ಪ್ರಶ್ನೆಯೇ ಇಲ್ಲ. ಮೇಲಾಗಿ ಟ್ಯಾಕ್ಸಿ ಹಾರ್ನುಗಳ ಮಧ್ಯೆ ಅವರ ಕಿವಿ ಎಂದೋ ಮಂದವಾಗಿತ್ತು. ನನಗೆ ಎರಡೂ ಕಡೆ ಸುಯ್ಯೆಂದೇ ಕೇಳಿಸಿತು. ದಿನವಿಡೀ ತಿರುವಿ, ಎಂಜಿನ್ನು ಕೆಮ್ಮಿ, ಸೊಸೈಟಿಯ ಸೆಕ್ರೆಟರಿ ಹೊಗೆಯ ಬಗ್ಗೆ ನೋಟೀಸು ಹಚ್ಚಿದರು.

ನನ್ನ ಹೆಂಡತಿ ಧಾರವಾಡದವಳು. ಮನೆಯಲ್ಲಿ ಮಕ್ಕಳಿಗೆ ಹಿಂದೂಸ್ತಾನಿ ಸಂಗೀತ ಹೇಳಿಕೊಡುತ್ತಾಳೆ. ಅವತ್ತು ಕೆಳಗಿಳಿದು ಬಂದದ್ದು ನಮಗೆ ನೆರವಾಗಲು ಅಲ್ಲ, ಹಿಟ್ಟು ನಾದುವ ಪರಾತ ಹುಡುಕಿಕೊಂಡು. ಅದು ಎಂಜಿನ್ನಿನ ಕೆಳಗಿತ್ತು, ಎಣ್ಣೆ ಹಿಡಿಯುತ್ತಿತ್ತು. ಅದನ್ನು ನೋಡಿ ಬಾಯಿ ತೆರೆದವಳು ಬಯ್ಯಲಿಲ್ಲ. ತಲೆ ಓರೆ ಮಾಡಿ ನಿಂತಳು.

"ಇದೇನ್ರೀ, ಮುಂದಿಂದು ಏರೇದ, ಹಿಂದಿಂದು ಇಳದದ. ಎರಡೂ ಬ್ಯಾರೆ ಬ್ಯಾರೆ ಸುರ್ ಹಿಡದಾವು. ನಿಮಗ ಕೇಳಸವಲ್ತೇನು?"

ನಳಿಗೆಯನ್ನು ಕೊಟ್ಟೆ. ಸೆರಗಿನಿಂದ ತುದಿ ಒರೆಸಿ ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಚಾಚಾ ಸ್ಕ್ರೂಡ್ರೈವರು ಹಿಡಿದು ಕೂತರು. ಅವಳು ಎಡಗೈ ಬೆರಳನ್ನು ಗಾಳಿಯಲ್ಲಿ ಇಳಿಸಿದರೆ ಚಾಚಾ ಕಾಲು ಸುತ್ತು ಬಿಚ್ಚುವುದು, ಏರಿಸಿದರೆ ಬಿಗಿಯುವುದು. "ಇನ್ನೊಂದೀಟು... ಹೋತು, ಹೆಚ್ಚಾತು, ತಿರುಗಿ ಬರ್ರಿ... ಹಾಂ, ನಿಲ್ರಿ." ಎಂಜಿನ್ನು ಕೆಮ್ಮು ಬಿಟ್ಟು ಒಂದೇ ಸಮನೆ ಗುನುಗತೊಡಗಿತು. ಚಾಚಾ ಸ್ಕ್ರೂಡ್ರೈವರನ್ನು ಹಣೆಗೆ ಮುಟ್ಟಿಸಿ ಅವಳಿಗೆ ಸಲಾಮು ಮಾಡಿದರು. ಅವಳು ಪರಾತ ಎತ್ತಿ ಒಳಗಿದ್ದ ಎಣ್ಣೆಯನ್ನೂ, ನನ್ನನ್ನೂ ನೋಡಿ, ಹೊಸ ಪರಾತದ ಅಳತೆ ಹೇಳಿ ಮೇಲೆ ಹೋದಳು. ಅಂದಿನಿಂದ ಚಾಚಾ ಕಾರಿನ ವಿಷಯ ನನ್ನ ಹತ್ತಿರ ಮಾತಾಡುವುದನ್ನು ನಿಲ್ಲಿಸಿದ್ದಾರೆ. ನೇರ ಬೆಲ್ ಮಾಡಿ "ಮೇಡಂ ಹೈ ಕ್ಯಾ?" ಎನ್ನುತ್ತಾರೆ.

ಇನ್ನು ಉಳಿದದ್ದು ಕಾಗದಪತ್ರ. 50 ವರ್ಷ ದಾಟಿ, ಮೂಲರೂಪ ಉಳಿಸಿಕೊಂಡ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ಮಾಡಿದೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಹತ್ತು ವರ್ಷದ ಅವಧಿ, ನಂಬರಿನಲ್ಲಿ ವಿಎ ಎಂಬ ಅಕ್ಷರ. ತಪಾಸಣೆಗೆ ಬಂದವರು ಚಾಸಿ ನಂಬರಿನ ತಗಡಿನ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿದರು. ಎಫ್‌ಸಿ ಎಂಬ ಅಕ್ಷರ, ಹಿಂದೆ ನಾಲ್ಕಾರು ಅಂಕಿ. ಹದಿನೇಳು ಅಕ್ಷರಗಳ ಈಗಿನ ನಂಬರು ಉಜ್ಜಿ ರೂಢಿಯಾದ ಕೈ. "ಇಷ್ಟೇನಾ? ಬಾಕಿದು?" ಎಂದು ಕಾರಿನ ಕೆಳಗೂ ಇಣುಕಿ ಬಂದರು. ಅಷ್ಟೇ ಎಂದೆ. ಹುಟ್ಟುವಾಗಲೇ ಅಷ್ಟಿತ್ತು.

ನಿಯಮದಲ್ಲಿ ಒಂದು ತೊಡಕಿದೆ. ಇಂಥ ಕಾರನ್ನು ದಿನದ ಓಡಾಟಕ್ಕೆ ರಸ್ತೆಗೆ ಇಳಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ, ಇಷ್ಟಕ್ಕೆ ಅಪ್ಪಣೆ. ಇತ್ತ ಹೆಂಡತಿಗೆ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಸಂಗೀತ ಕಛೇರಿಗೆ ಇದರಲ್ಲೇ ಹೋಗಬೇಕು, ಸುರ್ ಕೂಡಿಸಿದ್ದು ಅವಳಲ್ಲವೇ. ಪೆಟ್ರೋಲು ಹಾಕಿಸಲು ಹೊರಟೆವು. ಸಯನ್ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಿಡಿದರು. ವಿಎ ನಂಬರು ನೋಡಿದರು, ನನ್ನ ಜರಿ ಶಾಲು ನೋಡಿದರು, ಅವಳ ಇಳಕಲ್ ಸೀರೆ ನೋಡಿದರು. ಎಲ್ಲಿಂದ ಎಂದರು. ಮುಲುಂಡಿನಿಂದ, ಪೆಟ್ರೋಲಿಗೆ, ಎಂದೆ. ದಾರಿಯಲ್ಲಿ ಬಿಟ್ಟುಬಂದ ಬಂಕುಗಳನ್ನು ಅವರು ಒಂದೊಂದಾಗಿ ಹೆಸರಿಸತೊಡಗಿದರು. ಹೆಂಡತಿ ಕಿಟಕಿಯಿಂದ ತಲೆ ಹಾಕಿ ಧಾರವಾಡದ ಮರಾಠಿಯಲ್ಲಿ, ನಮ್ಮ ಗಾಡಿಗೆ ಮಾಟುಂಗಾದ ಪೆಟ್ರೋಲೇ ಆಗಬೇಕು, ಬೇರೆ ಒಗ್ಗುವುದಿಲ್ಲ, ಎಂದು ಗಂಭೀರವಾಗಿ ಹೇಳಿದಳು. ಅಷ್ಟರಲ್ಲಿ ಎಂಜಿನ್ನು ಎರಡು ಸಲ ಬಿಕ್ಕಿ ನಿಂತುಹೋಯಿತು. ಸಿಗ್ನಲ್ಲು ಹಸಿರಾಯಿತು. ಹಿಂದೆ ಬೆಸ್ಟ್ ಬಸ್ಸು, ಅದರ ಹಿಂದೆ ಇಡೀ ಮುಂಬಯಿ, ಎಲ್ಲ ಒಟ್ಟಿಗೆ ಹಾರ್ನು. ಪೊಲೀಸರು ಚಲನ್ ಯಂತ್ರವನ್ನು ಜೇಬಿಗೆ ಸೇರಿಸಿ, ಕಾರಿನ ಹಿಂದೆ ಹೋಗಿ ಭುಜ ಕೊಟ್ಟರು. ನನಗೆ ಮನಸ್ಸು ನಿರಾಳವಾಯಿತು. ಆ ಕ್ಷಣದಿಂದ ನಾವು ಹೊರಟದ್ದು ರಿಪೇರಿಗೆ, ಅದಕ್ಕೆ ನಿಯಮದಲ್ಲಿ ಸ್ಪಷ್ಟ ಅಪ್ಪಣೆಯಿದೆ.